ಮಾತೃಸಮಾನರಾದ ದೊಡ್ಡವ್ವನವರಿಗೆ

ನಂಜನಗೂಡು
23 ಜೂನ್ 1997

ಮಾತೃಸಮಾನರಾದ ದೊಡ್ಡವ್ವನವರಿಗೆ,

ನಂಜನಗೂಡಿನ ಸರ್ಕಾರಿ ಬಾಲಕಿಯರ ಬಾಲಮಂದಿರದಿಂದ ರಂಜಿನಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ತಾವೂ ಸೋಸಲೆಯಲ್ಲಿ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ.

ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಬಂದಿದೆ. ನಾನು ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದೇನೆ. ಮಂದಿರದ ಹುಡುಗಿಯರಲ್ಲಿ ಪ್ರಥಮ ದರ್ಜೆ ಬಂದಿರುವುದು ನನಗೊಬ್ಬಳಿಗೇ. ಗಣಿತದ ಮೇಷ್ಟ್ರು ಇಲ್ಲಿಗೇ ಬಂದು ಒಂದು ಪೆನ್ನು ಕೊಟ್ಟು ಹೋದರು. ಈ ಕಾಗದವನ್ನು ಅದರಲ್ಲೇ ಬರೆಯುತ್ತಿದ್ದೇನೆ.

ಹೈಸ್ಕೂಲು ಶುರುವಾಗಿದೆ. ಚೈತ್ರ, ರಮ್ಯ ಮತ್ತು ಉಳಿದವರು ಹೋಗುತ್ತಿದ್ದಾರೆ. ನನ್ನನ್ನು ಇನ್ನೂ ಸೇರಿಸಿಲ್ಲ. ಕಾಲಿನ ವಿಚಾರವಾಗಿ ನೋಡೋಣ ಎಂದು ಮಂದಿರದ ಮೇಡಂ ಹೇಳಿದ್ದಾರೆ. ಅಲ್ಲಿಯವರೆಗೆ ಸುಮ್ಮನೆ ಕೂರಬಾರದೆಂದು ಅಡುಗೆಮನೆಯಲ್ಲಿ ಅಕ್ಕಿ ಆರಿಸುವ ಕೆಲಸ ಕೊಟ್ಟಿದ್ದಾರೆ. ಅದೂ ಒಂದು ವಿದ್ಯೆಯೇ ಎಂದು ಮೇಡಂ ಹೇಳುತ್ತಾರೆ. ಊಟ ತಿಂಡಿಗೆ ಕೊರತೆಯಿಲ್ಲ.

ಮೇಡಂ ಓದಿ ಸಹಿ ಹಾಕಿದ ಮೇಲೆ ಈ ಕಾಗದ ಅಂಚೆಗೆ ಹೋಗುತ್ತದೆ.

ತಮ್ಮ ತಂಗಿಯ ಮಗಳು,
ರಂಜಿನಿ


ಟಿ. ನರಸೀಪುರ
2 ಜುಲೈ 1997

ರಂಜಿನಿಗೆ ಆಶೀರ್ವಾದ.

ಬರೆಯುತ್ತಿರುವವನು ಬಸ್ ಸ್ಟ್ಯಾಂಡ್ ಪಕ್ಕದ ಸೈಕಲ್ ಷಾಪಿನ ಮಹದೇವಯ್ಯ, ನಿಮ್ಮಪ್ಪನ ಗೆಳೆಯ. ಹೇಳುತ್ತಿರುವವಳು ನಿನ್ನ ದೊಡ್ಡವ್ವ ಮುದ್ದಮ್ಮ. ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸ ಮುಗಿಸಿ ಬಂದಿದ್ದಾಳೆ. ಸೋಸಲೆಯ ಬಸ್ಸು ಬರುವುದರೊಳಗೆ ಬರೆದು ಮುಗಿಸಬೇಕಂತೆ. ಒಂದೇ ಉಸಿರಿಗೆ ಹತ್ತು ಮಾತು ಹೇಳುತ್ತಾಳೆ. ನನ್ನದು ಗ್ರೀಸು ಮೆತ್ತಿದ ಕೈ. ಒಂದೊಂದಾಗಿ ಹೇಳಮ್ಮಾ ಎಂದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ.

ನೀನು ಪಾಸಾದದ್ದನ್ನು ಓದಿ ಹೇಳಿದ ಕೂಡಲೇ ಎದ್ದು ಹೋಗಿ ಹೋಟೆಲಿನಿಂದ ಒಂದು ಪೊಟ್ಟಣ ಖಾರಾಬೂಂದಿ ತಂದಳು. ನನಗೂ ಕೊಟ್ಟು, ಪಂಚರ್ ಹಾಕಿಸಲು ನಿಂತಿದ್ದವರಿಗೂ ಹಂಚಿದಳು. "ನಮ್ ಉಡ್ಗಿ ಪಸ್ಟ್ ಕ್ಲಾಸಂತೆ ಕಣ್ರಪ್ಪಾ, ತಿನ್ನಿ" ಎಂದಳು. ಅವರು ಯಾರ ಹುಡುಗಿ ಎಂದು ಕೇಳಿದರು. ಅದಕ್ಕೆ ಇನ್ನೊಂದು ಹಿಡಿ ಬೂಂದಿ ಕೊಟ್ಟಳು.

ಈಗ ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ: "ಎಂಟ್ನೇ ಕ್ಲಾಸ್ಗೆ ಯಾಕಣ್ಣ ಕಳ್ಸಿಲ್ಲ? ಓದ್ಲಿ ಅಂತ್ಲೇ ಅಲ್ವಾ ಅಲ್ಲಿ ಬುಟ್ಟಿದ್ದು? ಇಟ್ಟು ಬಟ್ಟೆ ನಾನೇ ಕೊಡ್ತಿರ್ಲಿಲ್ವಾ? ಅದ್ನ ಕೇಳಿ ಬರಿ."

ಅಕ್ಕಿ ಆರಿಸುವುದು ವಿದ್ಯೆಯಾದರೆ ನಮ್ಮ ತಾಲ್ಲೂಕಿನ ಹೆಂಗಸರೆಲ್ಲ ಡಿಗ್ರಿ ಮುಗಿಸಿದವರೇ ಸರಿ. ಈ ಕಾಗದ ಓದುವ ಮೇಡಂ ಅವರು ಬೇಸರ ಮಾಡಿಕೊಳ್ಳಬಾರದು. ಅವರಿಗೆ ಬೇರೆಯಾಗಿ ಒಂದು ಮನವಿ ಕಳಿಸುತ್ತಿದ್ದೇವೆ.

ಇಂತಿ,
ಮಹದೇವಯ್ಯ
(ಮುದ್ದಮ್ಮನ ಪರವಾಗಿ)


ನಂಜನಗೂಡು
13 ಜುಲೈ 1997

ದೊಡ್ಡವ್ವ,

ಈ ಕಾಗದ ಆಫೀಸಿಗೆ ಹೋಗುವುದಿಲ್ಲ. ಚೈತ್ರ ಪುಸ್ತಕದೊಳಗೆ ಇಟ್ಟುಕೊಂಡು ಹೋಗಿ ದಾರಿಯ ಡಬ್ಬಿಗೆ ಹಾಕುತ್ತಾಳೆ. ಮೇಡಂ ಓದಬಾರದ ಮಾತಿದ್ದರೆ ನೀನು ಹೈಸ್ಕೂಲು ಗೇಟಿನ ಮುಂದೆ ಸೀಬೆಹಣ್ಣು ಮಾರುವ ಸಾಕಮ್ಮನ ಹೆಸರಿಗೆ ಬರೆಸು. ಅವರು ಚೈತ್ರನ ಕೈಗೆ ಕೊಡುತ್ತಾರೆ.

ಯಾರೂ ಓದದಿದ್ದರೂ ದೊಡ್ಡವ್ವ ಎಂದೇ ಬರೆದಿದ್ದೇನೆ ನೋಡು. ಆ ಇನ್ನೊಂದು ಪದ ಕನಸಿನಲ್ಲೂ ನನ್ನ ಬಾಯಿಗೆ ಬರಬಾರದು ಎಂದು ನೀನೇ ಹೇಳಿದ್ದೆ. ಮೇಡಂ ಆಫೀಸಿನ ಕಾಗದಕ್ಕೆ 'ಮಾತೃಸಮಾನರಾದ' ಎಂದು ಬರೆಸಿದಾಗ ನನಗೆ ನಗು ಬಂತು. ತಾಯಿಗೆ ಸಮಾನ ಎಂದು ಅರ್ಥವಂತೆ. ಯಾಕೆ ನಗುತ್ತೀಯ ಎಂದು ಗದರಿದರು. ಕೆಮ್ಮು ಬಂತು ಎಂದೆ.

ಬಸ್ಸಿನಲ್ಲಿ ನನ್ನನ್ನು ಇಲ್ಲಿಗೆ ಕರೆತಂದ ದಿನ ನಿನಗೆ ನೆನಪಿದೆಯಾ? ನನಗೆ ಎಂಟು ವರ್ಷ. ಅಪ್ಪ ತೀರಿಹೋದ ಮೇಲೆ ನೀನು ನನ್ನನ್ನು ಬೆನ್ನ ಮೇಲೆ ಹೊತ್ತು ಸೋಸಲೆಯ ಶಾಲೆಗೆ ಬಿಡುತ್ತಿದ್ದೆ. ಕೆಲಸಕ್ಕೆ ತಡವಾಗಿ ಬರುತ್ತೀಯೆಂದು ಎರಡು ಕಡೆ ನಿನ್ನನ್ನು ಬಿಡಿಸಿದ್ದರು. ಅರ್ಜಿ ಬರೆಯುವ ಕಲ್ಲಯ್ಯ ಆಗ ನಿನಗೆ ಹೇಳಿದ್ದು, "ಸರ್ಕಾರದ ಮಂದಿರ್ದಲ್ಲಿ ಚೆಂದಾಗಿ ಓದಿಸ್ತಾರೆ ಕಣಮ್ಮಿ. ಆದ್ರೆ ಅನಾಥ್ರಿಗ್ ಮಾತ್ರ. ಅವ್ವ ಬದ್ಕಿದ್ರೆ ಸೇರಿಸ್ಕಳಲ್ಲ." ಅದಕ್ಕೇ ನೀನು ದೊಡ್ಡವ್ವನಾದೆ. ಬಸ್ಸು ಹತ್ತಿದಾಗಿನಿಂದ ನನಗೆ ಪಾಠ. "ಇವ್ಳು ನಿಂಗೇನಾಗ್ಬೇಕು?" "ದೊಡ್ಡವ್ವ." "ನಿಮ್ಮವ್ವ ಎಲ್ಲಿ?" "ಸತ್ತೋದ್ಲು." ಸರಿಯಾಗಿ ಹೇಳಿದರೆ ಬಾಯಿಗೆ ಒಂದು ಹಿಡಿ ಪುರಿ. ಆಮೇಲೆ ನೀನು ಉಪಾಯ ಮಾಡಿದೆ. ಸುಮ್ಮನೆ ಕುಳಿತಿದ್ದವಳು ಇದ್ದಕ್ಕಿದ್ದಂತೆ ನನ್ನ ಗಲ್ಲ ಹಿಡಿದು, "ಏ ಕೂಸೆ, ನಾನು ನಿಮ್ಮವ್ವ ಅಲ್ವಾ?" ಎಂದು ಮುದ್ದಾಗಿ ಕೇಳುತ್ತಿದ್ದೆ. ನಾನು ಹೂಂ ಎಂದರೆ ತೊಡೆಗೆ ಚಿವುಟು. ಮೂರು ಸಲ ಚಿವುಟಿಸಿಕೊಂಡೆ. ನಾಲ್ಕನೆಯ ಸಲ "ಅಲ್ಲ, ನಮ್ಮವ್ವ ಸತ್ತೋಗವ್ಳೆ" ಎಂದೆ. ನೀನು ಉಳಿದ ಪುರಿಯನ್ನೆಲ್ಲ ನನಗೇ ಕೊಟ್ಟು ಕಿಟಕಿಯ ಕಡೆ ತಿರುಗಿಕೊಂಡೆ.

ಇರಲಿ. ಹೈಸ್ಕೂಲಿನ ವಿಚಾರ ಹೇಳುತ್ತೇನೆ. ಮಂದಿರದ ಹುಡುಗಿಯರು ಜೋಡಿ ಜೋಡಿಯಾಗಿ ಕೈ ಹಿಡಿದು ಸಾಲಿನಲ್ಲಿ ಹೋಗಬೇಕು. ಮುಂದೆ ಒಬ್ಬ ಆಯಾ, ಹಿಂದೆ ಒಬ್ಬ ಆಯಾ. ರೈಲ್ವೆ ಗೇಟು ದಾಟಿ ಪೇಟೆಯೊಳಗೆ ನಡೆಯಬೇಕು. ಹಳೆಯ ಶಾಲೆ ಪಕ್ಕದ ಕಾಂಪೌಂಡಿನಲ್ಲೇ ಇದ್ದದ್ದರಿಂದ ತೊಂದರೆಯಿರಲಿಲ್ಲ. ಮೊದಲ ದಿನ ನಾನೂ ಹೋದೆ. ಕಬ್ಬಿಣದ ಪಟ್ಟಿ ಕಟ್ಟಿದ ಕಾಲು ಬೇಗ ಬರಲಿಲ್ಲ. ಸಾಲು ತುಂಡಾಯಿತು. ಗೇಟು ಬಿತ್ತು. ಅರ್ಧ ಹುಡುಗಿಯರು ಆ ಕಡೆ, ಅರ್ಧ ಈ ಕಡೆ. ಎಲ್ಲರಿಗೂ ತಡವಾಯಿತು. ಮಾರನೆಯ ದಿನದಿಂದ ಅಕ್ಕಿ ಮೊರ.

ಶಾಲೆಯವರು ಬೇಡ ಎಂದಿಲ್ಲ. ಎಂಟನೇ ಕ್ಲಾಸು ಕೆಳಗಿನ ಕೋಣೆಯಲ್ಲೇ ಇದೆ, ಬರಲಿ ಎಂದು ಅಲ್ಲಿನ ಟೀಚರು ಚೈತ್ರನಿಗೆ ಹೇಳಿದ್ದಾರೆ. ಸಂಜೆ ಅವಳು ಹೇಳಿದ ಪಾಠವನ್ನು ನಾನು ಕೇಳಿಸಿಕೊಂಡು ಅವಳಿಗೇ ತಿರುಗಿ ಹೇಳಿಕೊಡುತ್ತೇನೆ. ಆದರೆ ಹಾಜರಿ ಕೂಗುವಾಗ ನನ್ನ ಹೆಸರು ಅಲ್ಲಿಲ್ಲ. ಏನಾದರೂ ಮಾಡು ದೊಡ್ಡವ್ವ. ನನಗೆ ಶಾಲೆಗೆ ಹೋಗಬೇಕು.

ರಂಜಿನಿ


ಸರ್ಕಾರಿ ಬಾಲಕಿಯರ ಬಾಲಮಂದಿರ, ನಂಜನಗೂಡು
28 ಜುಲೈ 1997

ಶ್ರೀಮತಿ ಮುದ್ದಮ್ಮ ಅವರಿಗೆ,

ತಮ್ಮ ಮನವಿ ತಲುಪಿದೆ. ಕುಮಾರಿ ರಂಜಿನಿಯು ಪೋಲಿಯೋ ಪೀಡಿತಳಾಗಿದ್ದು, ರೈಲ್ವೆ ಗೇಟು ದಾಟಿ ಪ್ರೌಢಶಾಲೆಗೆ ಹೋಗಿಬರುವುದು ಅವಳಿಗೂ ಇತರ ಬಾಲಕಿಯರಿಗೂ ಅಪಾಯಕರವಾಗಿದೆ. ಇಲ್ಲಿರುವುದು ಇಬ್ಬರೇ ಆಯಾಗಳು. ಒಬ್ಬಳಿಗಾಗಿ ಒಬ್ಬರನ್ನು ಬಿಡಲು ಸಾಧ್ಯವಿಲ್ಲ. ಆದ್ದರಿಂದ ಬಾಲಕಿಯ ಹಿತದೃಷ್ಟಿಯಿಂದ ಅವಳನ್ನು ಸಂಸ್ಥೆಯೊಳಗೇ ಉಳಿಸಿಕೊಳ್ಳಲಾಗಿದೆ. ಅಂಗವಿಕಲರಿಗೆಂದೇ ಇರುವ ಕೇಂದ್ರವೊಂದಕ್ಕೆ ಅವಳನ್ನು ವರ್ಗಾಯಿಸುವ ವಿಚಾರವೂ ಇದೆ.

ಬಾಲಕಿಯ ತಂದೆತಾಯಿಗಳು ತೀರಿಕೊಂಡಿರುವುದರಿಂದ ಅವಳ ಬಗ್ಗೆ ತೀರ್ಮಾನ ಮಾಡುವ ಹೊಣೆ ನಮ್ಮದು. ತಾವು ಸಂಬಂಧಿಕರಾಗಿ ಬಂದು ನೋಡಿಕೊಂಡು ಹೋಗಬಹುದು. ತಾಯಿಯೇ ಇದ್ದು ಕೇಳಿದ್ದರೆ ಅದು ಬೇರೆ ಮಾತಾಗುತ್ತಿತ್ತು.

ವೈಯಕ್ತಿಕವಾಗಿ ಒಂದು ಮಾತು. ಹುಡುಗಿ ಬುದ್ಧಿವಂತೆ, ನನಗೂ ಅವಳ ಮೇಲೆ ಪ್ರೀತಿಯಿದೆ. ಆದರೆ ಈ ಕಾಲಿಟ್ಟುಕೊಂಡು ಓದಿ ಮುಂದೆ ಮಾಡುವುದಾದರೂ ಏನು? ಆಸೆ ಹುಟ್ಟಿಸಿ ಆಮೇಲೆ ನೋಯಿಸುವುದಕ್ಕಿಂತ ಇದೇ ಒಳ್ಳೆಯದು ಎಂದು ನನ್ನ ಭಾವನೆ.

ರುದ್ರಾಣಿ
ಅಧೀಕ್ಷಕಿ


ನಂಜನಗೂಡು
31 ಆಗಸ್ಟ್ 1997

ದೊಡ್ಡವ್ವ,

ಮಹದೇವಯ್ಯ ಮಾಮ ಮಾಡಿಕೊಟ್ಟ ಮೂರು ಚಕ್ರದ ಸೈಕಲ್ಲಿನ ಕಥೆ ಕೇಳು.

ನೀವಿಬ್ಬರೂ ಅದನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ಬಂದ ದಿನ ನಾನು ಅಂಗಳದಲ್ಲಿ ಸುತ್ತು ಹೊಡೆದದ್ದನ್ನು ನೀನೇ ನೋಡಿದೆ. ಕೈಯಲ್ಲಿ ತಿರುಗಿಸಿದರೆ ಸಾಕು, ಓಡುತ್ತದೆ. ಚೈತ್ರ ನನ್ನ ಪಕ್ಕದಲ್ಲಿ ಓಡಿ ಓಡಿ ಸೋತಳು. ಮೇಡಂ ಕೂಡ ಚಪ್ಪಾಳೆ ತಟ್ಟಿದರು. ಕಾಲು ಹೀಗಾದ ಮೇಲೆ ನಾನು ಯಾರನ್ನಾದರೂ ಹಿಂದೆ ಹಾಕಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು, ಸೈಕಲ್ಲಿನಲ್ಲಿ ಕುಳಿತು ಸಾಲಿನ ಕೊನೆಗೆ ಬಂದೆ. ಆಯಾ ಪುಟ್ಟಬಸಮ್ಮ ಓಡಿಬಂದರು. "ಏಯ್, ಒಳಕ್ಕೋಗೆ. ಮೇಡಂ ಬೈತಾರೆ" ಎಂದರು. ನಾನು ಇಳಿಯಲಿಲ್ಲ. ಮೇಡಮ್ಮೇ ಬಂದರು. ಇಂಥ ಗಾಡಿಯಲ್ಲಿ ಕುಳಿತು ಪೇಟೆಯಲ್ಲಿ ಹೋದರೆ, ದೇವಸ್ಥಾನದ ಮುಂದೆ ಭಿಕ್ಷೆ ಬೇಡುವವರನ್ನು ಮಂದಿರದಲ್ಲಿ ಸಾಕಿದ್ದೇವೆ ಎಂದು ಜನ ಆಡಿಕೊಳ್ಳುತ್ತಾರಂತೆ. ಸಾಲು ಹೊರಟುಹೋಯಿತು. ಚೈತ್ರ ತಿರುಗಿ ತಿರುಗಿ ನೋಡುತ್ತಾ ಹೋದಳು.

ಆಗಸ್ಟ್ ಹದಿನೈದಕ್ಕೆ ಇಲಾಖೆಯ ಸಾಹೇಬರು ಬಂದರು. ಅವತ್ತು ಸೈಕಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ನನ್ನನ್ನು ಅದರಲ್ಲಿ ಕೂರಿಸಿ, ಕೈಗೆ ಬಾವುಟ ಕೊಟ್ಟು ಫೋಟೋ ತೆಗೆಸಿದರು. ಸಾಹೇಬರು ನನ್ನ ತಲೆ ಸವರಿ ಯಾವ ಕ್ಲಾಸು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಮೇಡಂ "ಏಳನೇದು ಫಸ್ಟ್ ಕ್ಲಾಸ್ ಸರ್" ಎಂದರು. ಸಾಹೇಬರು ಶಹಬ್ಬಾಸ್ ಎಂದು ಮುಂದೆ ಹೋದರು.

ಈಗ ಅದರಲ್ಲಿ ರೇಷನ್ ಡಿಪೋದಿಂದ ಅಕ್ಕಿ ಮೂಟೆ ತರುತ್ತಾರೆ. ಪುಟ್ಟಬಸಮ್ಮನಿಗೆ ಸೊಂಟ ನೋವಂತೆ, ಗಾಡಿ ಬಂದದ್ದು ಒಳ್ಳೆಯದಾಯಿತಂತೆ. ಆ ಅಕ್ಕಿಯನ್ನು ನಾನು ಆರಿಸುತ್ತೇನೆ. ಇದನ್ನು ಮಾಮನಿಗೆ ಓದಲು ಕೊಡಬೇಡ ಎಂದು ಬರೆಯೋಣವೆಂದರೆ, ಓದುವವರೇ ಅವರು. ಮಾಮ, ಸಿಟ್ಟು ಮಾಡಿಕೊಳ್ಳಬೇಡಿ. ಸೈಕಲ್ಲು ತುಂಬ ಚೆನ್ನಾಗಿ ಓಡುತ್ತದೆ.

ರಂಜಿನಿ


ಟಿ. ನರಸೀಪುರ
3 ಅಕ್ಟೋಬರ್ 1997

ರಂಜಿನಿ,

ಇದನ್ನು ಸಾಕಮ್ಮನ ಹೆಸರಿಗೆ ಹಾಕುತ್ತಿದ್ದೇನೆ. ಓದಿದ ಮೇಲೆ ಹರಿದುಬಿಡು.

ನಿನ್ನ ಕಾಗದ ಓದಿದ ಮೇಲೆ ನನಗೆ ಊಟ ರುಚಿಸಲಿಲ್ಲ. ಮೈಸೂರಿಗೆ ಹೋದೆ. ಪರಿಚಯದ ವಕೀಲರೊಬ್ಬರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅನಾಥರಿಗೆ ಮಾತ್ರ ಅಂತ ನಿಮಗೆ ಹೇಳಿದವರ್ಯಾರ್ರೀ? ಸಾಕೋಕೆ ಕಷ್ಟ ಅಂತ ತಾಯಿ ಬಂದು ಹೇಳಿದ್ರೂ ಸೇರಿಸ್ಕೋತಿದ್ರು" ಎಂದರು. ಕೇಳಿದೆಯಾ? ನಿಮ್ಮವ್ವ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ವಾಪಸು ಬಂದವನೇ ಕಲ್ಲಯ್ಯನ ಮೇಜನ್ನು ಬೀದಿಯಲ್ಲಿ ಮಗುಚಿ ಹಾಕಿದೆ. ಅವನು ಪಾಪ, "ನಂಗೂ ಯಾರೋ ಅಂಗೇ ಏಳಿದ್ರು ಕಣಣ್ಣ" ಎಂದು ಕಾಗದ ಆಯುತ್ತಾ ನಿಂತ. ಆಮೇಲೆ ನಾನೇ ಮೇಜು ಎತ್ತಿಕೊಟ್ಟೆ.

ನಿಮ್ಮವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ. "ಅಂಗಾದ್ರೆ ನಾನು ಸಾಯ್ಬೇಕಾಗೇ ಇರ್ನಿಲ್ಲ" ಎಂದಳು.

ಈಗ ಮುಖ್ಯವಾದ ಮಾತು. ಇದೇ ಹದಿನಾಲ್ಕನೇ ತಾರೀಕು ಮಂಗಳವಾರ ಮಂಡಳಿಯವರು ನಿಮ್ಮ ಮಂದಿರಕ್ಕೆ ಬರುತ್ತಾರೆ. ಮಕ್ಕಳನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವರು ಅವರೇ. ನಾವು ಅಲ್ಲಿಗೆ ಬಂದು ನಿಜ ಹೇಳುತ್ತೇವೆ. ಹಳೆಯ ಸುಳ್ಳಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ವಕೀಲರು ಮಾತು ಕೊಟ್ಟಿದ್ದಾರೆ. ಆದರೆ ತಾಯಿ ಎಂದು ತೋರಿಸಲು ನಮ್ಮ ಹತ್ತಿರ ಕಾಗದಪತ್ರ ಏನೂ ಇಲ್ಲ, ಅವರು ನಿನ್ನನ್ನು ಕೇಳಿಯೇ ಕೇಳುತ್ತಾರೆ. ನೀನು "ಇವಳೇ ನಮ್ಮವ್ವ" ಎಂದುಬಿಟ್ಟರೆ ಸಾಕು. ಹೋಟೆಲಿನ ಹಿಂದಿನ ಕೋಣೆಯನ್ನು ನಿಮ್ಮವ್ವ ಕೇಳಿಟ್ಟಿದ್ದಾಳೆ. ಇಲ್ಲಿಯ ಹೈಸ್ಕೂಲು ಅಲ್ಲಿಂದ ಕಾಣುತ್ತದೆ. ಹೆಡ್ಮಾಸ್ಟರು ದೀಪಾವಳಿಯೊಳಗೆ ಬಂದರೆ ಎಂಟನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತೇನೆ ಎಂದಿದ್ದಾರೆ. ಅಕ್ಕಿ ಮೂಟೆ ಇಳಿಸಿ ಸೈಕಲ್ಲನ್ನೂ ಹೊತ್ತುಕೊಂಡು ಬರೋಣ.

ಅವಳು ಹೇಳುತ್ತಿರುವುದು: "ಕೂಸೆ, ಬಸ್ಸಲ್ ಏಳ್ಕೊಟ್ಟಿದ್ನ ಮರ್ತುಬುಡು. ಎದ್ರುಕಬ್ಯಾಡ. ನಾನ್ ಕೇಳ್ದೇಟ್ಗೆ ಅವ್ವ ಅನ್ನು."

ಮಹದೇವಯ್ಯ


ನಂಜನಗೂಡು
28 ಅಕ್ಟೋಬರ್ 1997

ದೊಡ್ಡವ್ವ,

ನೀವು ಮೂರನೇ ತಾರೀಕು ಬರೆದ ಕಾಗದ ಇವತ್ತು ಸಿಕ್ಕಿತು. ದಸರಾ ರಜ ಇತ್ತಲ್ಲ. ಚೈತ್ರ ಶಾಲೆಗೆ ಹೋಗಿರಲಿಲ್ಲ. ಸಾಕಮ್ಮ ಗೇಟಿನ ಮುಂದೆ ಬುಟ್ಟಿ ಇಟ್ಟಿರಲಿಲ್ಲ. ನಿನ್ನೆ ಶಾಲೆ ತೆರೆದರು. ಸಾಕಮ್ಮ ಇವತ್ತು ಕೊಟ್ಟರು. ಮಾಮನಿಗೆ ಮಕ್ಕಳಿಲ್ಲ, ನಿನಗೆ ನಾನು ಅಲ್ಲಿಲ್ಲ. ಶಾಲೆಗೆ ರಜ ಎಂಬುದು ನಿಮಗೆ ಯಾರಿಗೆ ಹೊಳೆಯಬೇಕು?

ನನಗೆ ಏನೂ ಗೊತ್ತಿರಲಿಲ್ಲ. ಅವತ್ತು ಪುಟ್ಟಬಸಮ್ಮ ಬಂದು ಬಟ್ಟೆ ಬದಲಾಯಿಸಲು ಹೇಳಿದರು. ಮೇಡಂ ಮುಖ ಕೆಂಪಾಗಿತ್ತು. ನಿಮ್ಮ ದೊಡ್ಡಮ್ಮ ಬಂದು ಏನೇನೋ ಹೇಳುತ್ತಿದ್ದಾಳೆ, ಮಂಡಳಿಗೆ ಸುಳ್ಳು ಹೇಳಿದವರನ್ನು ಪೊಲೀಸರು ಕರೆದುಕೊಂಡು ಹೋಗುತ್ತಾರೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡು ಎಂದರು. ನಾನು ಒಳಗೆ ಬಂದೆ. ನೀನು ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಸಿರು ಸೀರೆ ಉಟ್ಟು ಗೋಡೆಯ ಪಕ್ಕ ನಿಂತಿದ್ದೆ. ದೊಡ್ಡ ಕುರ್ಚಿಯಲ್ಲಿದ್ದ ಮಂಡಳಿಯ ಹೆಂಗಸು ಒಳ್ಳೆಯವರೇ. "ಇವರು ಯಾರಮ್ಮ ನಿನಗೆ?" ಎಂದು ಮೆಲ್ಲಗೆ ಕೇಳಿದರು.

ನಾನು ಹೇಳುವುದರೊಳಗೆ ನೀನು ಹತ್ತಿರ ಬಂದು, ನನ್ನ ಗಲ್ಲ ಹಿಡಿದು, "ಏ ಕೂಸೆ, ನಾನು ನಿಮ್ಮವ್ವ ಅಲ್ವಾ? ಏಳು" ಎಂದೆ.

ಅದೇ ಮಾತು, ಅದೇ ದನಿ. ಬಸ್ಸಿನಲ್ಲಿ ಕೇಳಿದ ಹಾಗೇ ಕೇಳಿದೆ. ಐದು ವರ್ಷವಾದರೂ ನನಗೆ ನೆನಪಿದೆಯೋ ಇಲ್ಲವೋ ಎಂದು ನೋಡುತ್ತಿದ್ದೀಯ, ನಾನು ಹೂಂ ಎಂದರೆ ಪೊಲೀಸರು ನಿನ್ನನ್ನು ಹಿಡಿಯುತ್ತಾರೆ ಎಂದುಕೊಂಡೆ. ನಾನು ಗಟ್ಟಿಯಾಗಿ, "ಅಲ್ಲ, ಇವ್ರು ದೊಡ್ಡವ್ವ. ನಮ್ಮವ್ವ ಸತ್ತೋಗವ್ಳೆ" ಎಂದೆ. ಸರಿಯಾಗಿ ಹೇಳಿದೆ ಎಂದು ನನಗೆ ಜಂಬವೂ ಆಯಿತು. ನಿನ್ನ ಮುಖ ನೋಡಿದೆ. ಮಾಮ ತಲೆಯ ಮೇಲೆ ಕೈಯಿಟ್ಟುಕೊಂಡರು. ಆಗ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು. ಏನು ಎಂದು ಗೊತ್ತಾಗಲಿಲ್ಲ. ಇವತ್ತು ಗೊತ್ತಾಯಿತು.

ಈಗ ಮೇಡಂ ಹತ್ತಿರ ಹೋಗಿ ಅಳುತ್ತಾ ಎಲ್ಲ ಹೇಳಿದೆ. ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎಂದರು. ಶಾಲೆಗೆ ಹೋಗುತ್ತೇನೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಅವತ್ತು ಹೇಳಿದ್ದನ್ನು ಮಾತ್ರ ಬರೆದುಕೊಂಡರು. ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆಯಾ? ಅದೊಂದನ್ನು ಬೇಗ ಬರೆಸು.

ರಂಜಿನಿ


ಟಿ. ನರಸೀಪುರ
5 ನವೆಂಬರ್ 1997

ರಂಜಿನಿ,

ನಿನ್ನ ಕಾಗದವನ್ನು ಓದಿ ಹೇಳಿದೆ. ಎರಡು ಸಲ ಓದಿಸಿದಳು. ರಜದ ವಿಚಾರ ಹೊಳೆಯದ ನನ್ನ ತಲೆಯನ್ನು ಯಾವ ಕಲ್ಲಿಗೆ ಚಚ್ಚಿಕೊಳ್ಳಲಿ? ಅದಿರಲಿ, ಅವಳ ಮಾತು ಕೇಳು. ಒಂದಕ್ಷರವನ್ನೂ ನಾನು ಸೇರಿಸಿಲ್ಲ.

"ಸಿಟ್ಯಾಕವ್ವ ಮಾಡ್ಕಳ್ಳಿ? ನಾನು ಇಸ್ಕೂಲ್ ಮೆಟ್ಲು ಅತ್ತಿಲ್ಲ. ನನ್ ಮೊಗೀಗೆ ಏಳ್ಕೊಡಾಕೆ ನಂಗೇನ್ ಬತ್ತಿತ್ತು? ಒಂದೇ ಒಂದ್ ಪಾಠ ಏಳ್ಕೊಟ್ಟೆ. ಐದ್ ವರ್ಸ ಆದ್ರೂ ಮರೀದಂಗೆ ಇಟ್ಕಂಡು, ಅಷ್ಟು ಜನದ್ ಮುಂದೆ ತಪ್ಪಿಲ್ದಂಗೆ ಒಪ್ಪಿಸ್ಬುಡ್ತು. ಇಂಥಾ ಮೊಗಾನಾ ಅವ್ರು ಇಸ್ಕೂಲ್ಗೆ ಬ್ಯಾಡ ಅಂದಿದ್ದು?"

ಇಷ್ಟು ಹೇಳಿ ಎದ್ದು ಹೋದಳು. ಸೋಸಲೆಯ ಬಸ್ಸು ಹತ್ತದೆ ನಡೆದೇ ಹೋದಳು. ನಾವು ಇನ್ನೊಂದು ಸಲ ಮಂಡಳಿಯ ಬಾಗಿಲು ತಟ್ಟುತ್ತೇವೆ. ನೀನು ಅಳಬೇಡ.

ಮಹದೇವಯ್ಯ


ನಂಜನಗೂಡು
22 ನವೆಂಬರ್ 1997

ಮಹದೇವಯ್ಯ ಅವರಿಗೆ,

ನಾನು ರಂಜಿನಿಯ ಗೆಳತಿ ಚೈತ್ರ. ನಿಮ್ಮ ಕಾಗದ ಹತ್ತನೇ ತಾರೀಕು ನನ್ನ ಕೈ ಸೇರಿತು. ಅದರ ಹಿಂದಿನ ದಿನವೇ ರಂಜಿನಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಬೇರೆ ಜಿಲ್ಲೆಯ ಅಂಗವಿಕಲರ ಕೇಂದ್ರವಂತೆ. ಊರಿನ ಹೆಸರು ಕೇಳಿದರೆ ಮೇಡಂ ನಿನಗ್ಯಾಕೆ ಎನ್ನುತ್ತಾರೆ. ಹೋಗುವಾಗ ಅವಳು ನಿಮ್ಮ ಕಾಗದ ಬಂತಾ ಎಂದೇ ಕೇಳುತ್ತಿದ್ದಳು. ಇಲ್ಲ ಎಂದೆ.

ಆ ಕಾಗದವನ್ನು ನನ್ನ ಟ್ರಂಕಿನಲ್ಲಿ ಇಟ್ಟಿದ್ದೇನೆ. ಅವಳ ಪೆನ್ನೂ ಇಲ್ಲೇ ಉಳಿದಿದೆ. ಸೈಕಲ್ಲು ಇಲ್ಲೇ ಇದೆ.

ಚೈತ್ರ


ಅಂಗವಿಕಲರ ಪಾಲನಾ ಕೇಂದ್ರ
8 ಫೆಬ್ರವರಿ 1999

ಮಾತೃಸಮಾನರಾದ ದೊಡ್ಡವ್ವನವರಿಗೆ,

ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ನೋಡಲು ಯಾರನ್ನೂ ಬಿಡುವುದಿಲ್ಲ, ಈ ವರ್ಷದಿಂದ ಮಾತ್ರ ವರ್ಷಕ್ಕೆ ಎರಡು ಕಾಗದ ಬರೆಯಲು ಬಿಡುತ್ತಿದ್ದಾರೆ. ಇಲ್ಲಿ ಶಾಲೆ ಇಲ್ಲ. ಮೇಣದಬತ್ತಿ ಮಾಡುವುದನ್ನು ಕಲಿಸಿದ್ದಾರೆ. ಬುದ್ಧಿ ಬೆಳೆಯದ ಮಕ್ಕಳಿಗೆ ನಾನು ಊಟ ಮಾಡಿಸುತ್ತೇನೆ, ಒಂದರಿಂದ ಹತ್ತು ಹೇಳಿಕೊಡುತ್ತೇನೆ. ಚೈತ್ರನ ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕ ನನ್ನ ಬಟ್ಟೆಯ ಗಂಟಿನಲ್ಲಿ ಸೇರಿಕೊಂಡು ಬಂದಿತ್ತು. ಅದು ಬಾಯಿಪಾಠವಾಗಿದೆ.

ತಾವು ನನ್ನ ಮೇಲೆ ಬೇಸರ ಮಾಡಿಕೊಂಡಿಲ್ಲವೆಂದು ನಂಬಿದ್ದೇನೆ.

ತಮ್ಮ ತಂಗಿಯ ಮಗಳು,
ರಂಜಿನಿ


ಟಿ. ನರಸೀಪುರ
1 ಮಾರ್ಚ್ 1999

ರಂಜಿನಿಗೆ ಆಶೀರ್ವಾದ.

ನೀನಿರುವ ಊರು ಯಾವುದೆಂದು ನಿನ್ನ ಕಾಗದದ ಅಂಚೆ ಮುದ್ರೆ ನೋಡಿ ಗೊತ್ತಾಯಿತು. ಒಂದೂವರೆ ವರ್ಷದಿಂದ ಆಫೀಸುಗಳಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ. ಹೋದಲ್ಲೆಲ್ಲ ಒಂದೇ ಉತ್ತರ: ಮಗುವೇ ಹೇಳಿದೆಯಲ್ಲ, ಇನ್ನೇನು?

ಈ ಕಾಗದವನ್ನೂ ಯಾರೋ ಓದುತ್ತಾರೆಂದು ಗೊತ್ತು. ಆದ್ದರಿಂದ ನಿನ್ನ ದೊಡ್ಡವ್ವ ಕ್ಷೇಮ ಎಂದಷ್ಟೇ ಬರೆಯುತ್ತೇನೆ. ಬೇಸರ ಇಲ್ಲ ಎಂದು ಹೇಳು ಅಂದಳು. ಬಾಕಿಯದೆಲ್ಲ ಚೈತ್ರನ ಟ್ರಂಕಿನಲ್ಲಿದೆ.

ಮಹದೇವಯ್ಯ


ಸೋಸಲೆ
30 ಜೂನ್ 2002

ಅವ್ವ,

ನೀನು ಗೋಡೆಯ ಆ ಕಡೆ ಒಲೆ ಊದುತ್ತಿದ್ದೀಯ. ನಾನು ಈ ಕಡೆ ಕುಳಿತು ನಿನಗೆ ಕಾಗದ ಬರೆಯುತ್ತಿದ್ದೇನೆ. ಯಾರಾದರೂ ನೋಡಿದರೆ ಇವಳಿಗೆ ಕಾಲಿನ ಜೊತೆ ತಲೆಯೂ ಕೆಟ್ಟಿದೆ ಎಂದಾರು.

ಹದಿನೆಂಟು ತುಂಬಿತು ಎಂದು ನನ್ನನ್ನು ಬಿಡುಗಡೆ ಮಾಡಿದ ದಿನ ನೀನು ಬಂದು ಗೇಟಿನಲ್ಲಿ ನಿಂತಿದ್ದೆ. ಅಲ್ಲೂ ಕೇಳಿದರು, ಇವರು ಯಾರು ಎಂದು. ನಾನು ದೊಡ್ಡವ್ವ ಎಂದೆ. ನೀನು ತಲೆಯಾಡಿಸಿದೆ. ಅಲ್ಲಿ ನಿಜ ಹೇಳಿ ಮತ್ತೆ ಒಳಗೆ ಕೂರಲು ಇಬ್ಬರಿಗೂ ಧೈರ್ಯವಿರಲಿಲ್ಲ. ಆಮೇಲೆ ಬಸ್ಸು. ನೀನು ಪುರಿ ಕೊಂಡು ನನ್ನ ಮಡಿಲಿಗೆ ಹಾಕಿದೆ. ಏನೂ ಕೇಳಲಿಲ್ಲ. ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ನೀನು ನರಸೀಪುರ ಬರುವವರೆಗೂ ಕಾಯುತ್ತಿದ್ದೆ. ನನಗೆ ಅದು ಗೊತ್ತಾಗುತ್ತಿತ್ತು. ನಾನು ಬಾಯಿ ತೆರೆದೆ, ಪುರಿ ಹಾಕಿಕೊಂಡೆ, ಮುಚ್ಚಿದೆ.

ಬಂದು ಮೂರು ವಾರವಾಯಿತು. "ಇಲ್ನೋಡು", "ಕೇಳುಸ್ತಾ?" ಎಂದೇ ನಿನ್ನನ್ನು ಕರೆಯುತ್ತಿದ್ದೇನೆ. ದೊಡ್ಡವ್ವ ಎನ್ನಲು ಮನಸ್ಸಿಲ್ಲ. ಇನ್ನೊಂದು ಬಾಯಿಗೆ ಬರುತ್ತಿಲ್ಲ. ನಾಲಿಗೆಯ ತುದಿಗೆ ಬಂದಾಗ ತೊಡೆಯನ್ನು ಯಾರೋ ಚಿವುಟಿದ ಹಾಗಾಗುತ್ತದೆ. ನಿನ್ನೆ ನೀನು ನೀರಿನ ಬಿಂದಿಗೆ ಹೊತ್ತು ಎಡವಿದೆ. ಆಗಲೂ ನಾನು "ಅಯ್ಯೋ" ಎಂದೆನೇ ಹೊರತು ಅದನ್ನು ಕೂಗಲಿಲ್ಲ. ನೀನು ನನ್ನ ಕಡೆ ನೋಡಿದೆ. ನಾನು ಬೇರೆ ಕಡೆ ನೋಡಿದೆ.

ಮೊನ್ನೆ ಚೈತ್ರ ಬಂದಿದ್ದಳಲ್ಲ, ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ. ಐದು ವರ್ಷ ಟ್ರಂಕಿನಲ್ಲಿಟ್ಟಿದ್ದ ಕಾಗದವನ್ನು ಕೊಟ್ಟಳು. ನಾನು ಪಾಠ ಒಪ್ಪಿಸಿದೆ ಎಂದು ನೀನು ಹೇಳಿದ್ದು ಅದರಲ್ಲಿತ್ತು. ಬೇಸರವಿಲ್ಲ ಎಂದು ಮಾಮ ಬರೆದಿದ್ದರೂ ನಾನು ನಂಬಿರಲಿಲ್ಲ. ಇಷ್ಟು ವರ್ಷ ನೀನು ಸಿಟ್ಟಾಗಿದ್ದೀಯ ಎಂದುಕೊಂಡೇ ಮೇಣದಬತ್ತಿ ಮಾಡಿದೆ.

ಹೈಸ್ಕೂಲಿಗೆ ಮಾಮನ ಜೊತೆ ಹೋಗಿದ್ದೆ. ಹದಿನೆಂಟರವಳನ್ನು ಎಂಟನೇ ಕ್ಲಾಸಿನಲ್ಲಿ ಕೂರಿಸಲು ಆಗುವುದಿಲ್ಲ ಎಂದರು. ನಾನು ಬಾಯಿಪಾಠ ಮಾಡಿದ ವಿಜ್ಞಾನದ ಪುಸ್ತಕವೂ ಈಗ ಇಲ್ಲವಂತೆ, ಬೇರೆ ಬಂದಿದೆಯಂತೆ. ಹೊರಗಿನಿಂದ ಎಸ್ಸೆಸ್ಸೆಲ್ಸಿ ಕಟ್ಟಬಹುದಾ ಎಂದು ಮಾಮ ಎಲ್ಲರನ್ನೂ ಬೈಯುತ್ತಾ ವಿಚಾರಿಸುತ್ತಿದ್ದಾರೆ. ಕಟ್ಟಿದರೆ ಕಟ್ಟುತ್ತೇನೆ. ಆದರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಓದಲಿ ಎಂದು ನೀನು ಅವ್ವನಾಗಿರುವುದನ್ನೇ ಬಿಟ್ಟುಕೊಟ್ಟೆ. ಅವರು ಅದನ್ನು ತೆಗೆದುಕೊಂಡರು, ಓದನ್ನು ಕೊಡಲಿಲ್ಲ.

ಈ ಪದವನ್ನು ಹೇಳಲು ಬಾರದಿದ್ದರೂ ಬರೆಯಲು ಬರುತ್ತದೆ ಎಂದು ಇವತ್ತು ತಿಳಿಯಿತು. ಆದರೆ ನಿನಗೆ ಓದಲು ಬರುವುದಿಲ್ಲ. ಕೈಗೆ ಕೊಟ್ಟರೆ ತಿರುಗಿಸಿ ನೋಡಿ ದಿಂಬಿನ ಕೆಳಗೆ ಇಡುತ್ತೀಯ. ಹಾಗೆ ಮಾಡಬೇಡ. ನಾಳೆ ಕೆಲಸ ಮುಗಿಸಿ ಮಾಮನ ಅಂಗಡಿಗೆ ತೆಗೆದುಕೊಂಡು ಹೋಗು.

ಮಾಮ, ಮೊದಲ ಪದವನ್ನು ಸ್ವಲ್ಪ ಗಟ್ಟಿಯಾಗಿ ಓದಿ. ಇನ್ನೊಂದು ಸಲ ಓದು ಎಂದು ಕೇಳುತ್ತಾಳೆ. ಬೈಯದೆ ಓದಿ.

ನಿನ್ನ ಮಗಳು,
ರಂಜಿನಿ